ಗೃಹಸಂಗ್ರಹ ಮೀಮಾಂಸೆ

ಮನೆಯಲ್ಲಿರುವ ಕಂಪ್ಯೂಟರಿನಲ್ಲೇ ನಾಸ್, ಅಂದರೆ ಮನೆಮಂದಿಯೆಲ್ಲ ನೆಟ್‌ವರ್ಕಿನಲ್ಲಿ ಹಂಚಿಕೊಳ್ಳುವ ಸಂಗ್ರಹದ, ತಂತ್ರಾಂಶವನ್ನು ಪರೀಕ್ಷಿಸುವುದೂ ಒಂದು ಶಾಸ್ತ್ರವಾದ್ದರಿಂದ ಅದಕ್ಕೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧಚತುಷ್ಟಯವಿದೆ. ಅಧಿಕಾರಿ ಯಾರು? ಅಂಗಡಿಯ ನಾಸ್ ಪೆಟ್ಟಿಗೆಯ ಬೆಲೆ ಕೇಳಿ ವೈರಾಗ್ಯ ಹುಟ್ಟಿದವನು. 'ಇಷ್ಟಕ್ಕೆ ನಾನೇ ಕಟ್ಟಿಕೊಳ್ಳಬಲ್ಲೆ' ಎಂಬ ಮುಮುಕ್ಷುತ್ವ ಉಳ್ಳವನು. ಆದರೆ ಮನೆಯ ಕಂಪ್ಯೂಟರ್ ತನ್ನೊಬ್ಬನದಲ್ಲ ಎಂಬ ವಿವೇಕವನ್ನು ಇನ್ನೂ ಕಳೆದುಕೊಳ್ಳದವನು. ವಿಷಯವೆಂದರೆ ಫೋನುಗಳಿಂದ ಉಕ್ಕಿ ಹರಿದ ಫೋಟೊಗಳು ಮತ್ತು ಯಾರೂ ಎರಡನೆಯ ಸಲ ನೋಡದ ಮದುವೆ ವಿಡಿಯೊ. ಸಂಬಂಧ ಸ್ಪಷ್ಟವೇ ಇದೆ, ಎಲ್ಲರೂ ಒಂದೇ ವೈಫೈನಲ್ಲಿದ್ದಾರೆ. ಪ್ರಯೋಜನವನ್ನು ಮುಂದೆ ವಿಚಾರಿಸಲಾಗುವುದು.

ಆಚಾರ್ಯಪರಂಪರೆ ಹೀಗಿದೆ. ಅಗ್ಗದ ಹಲವು ಡಿಸ್ಕುಗಳನ್ನು ಜೋಡಿಸಿ, ಒಂದು ಸತ್ತರೂ ಮಿಕ್ಕವು ಸಂಸಾರ ತೂಗಿಸುವಂತೆ ಮಾಡಬಹುದೆಂದು 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ರೇಡ್ ಪ್ರಬಂಧದಲ್ಲಿ ಪ್ರತಿಪಾದಿಸಿದರು. 2005ರಲ್ಲಿ ಸನ್ ಕಂಪನಿ ತನ್ನ ಕಡತವ್ಯವಸ್ಥೆಯಾದ ಝಡ್‌ಎಫ್‌ಎಸ್‌ನ ಮೂಲಸಂಕೇತವನ್ನು ಲೋಕಕ್ಕೆ ತೆರೆದಿಟ್ಟಿತು. ಅದೇ ವರ್ಷ ಫ್ರೀಬಿಎಸ್‌ಡಿಯ ಮೇಲೆ ಫ್ರೀನಾಸ್ ಎಂಬ ನಾಸ್ ತಂತ್ರಾಂಶ ಹುಟ್ಟಿತು. ಇಂದು ಅದರ ನಾಮಧೇಯ ಟ್ರೂನಾಸ್. ಅದೇ ಗುರುಕುಲದಿಂದ ಹೊರಬಂದ ಫೋಲ್ಕರ್ ಥೈಲೆ 2011ರಲ್ಲಿ ಡೆಬಿಯನ್ನಿನ ಮೇಲೆ ಓಪನ್‌ಮೀಡಿಯಾವಾಲ್ಟ್ ಎಂಬ ಬೇರೆ ಮಠದ ಬಾಗಿಲನ್ನೇ ತೆರೆದರು. ಎರಡೂ ಮಠದ ಶಿಷ್ಯರು ಒಬ್ಬರನ್ನೊಬ್ಬರು ಒಪ್ಪುವುದಿಲ್ಲ; ಶಾಸ್ತ್ರ ಜೀವಂತವಾಗಿದೆ ಎನ್ನಲು ಅಷ್ಟು ಸಾಕು.

ಇಲ್ಲಿ ಪೂರ್ವಪಕ್ಷ: 'ಇರುವ ಯಂತ್ರಕ್ಕೇ ನೇರವಾಗಿ ಹಾಕಿ ನೋಡಿದರೇನು?' ಸಲ್ಲದು. ಟ್ರೂನಾಸ್ ತಾನು ಕೂರುವ ಡಿಸ್ಕನ್ನು ಮೊದಲು ಒರೆಸಿ ಇಡಿಯಾಗಿ ಆಕ್ರಮಿಸುತ್ತದೆ. ಬೆಳಗಾಗುವಷ್ಟರಲ್ಲಿ ವಿಂಡೋಸ್, ಮಗಳ ಪ್ರಾಜೆಕ್ಟ್, ಗೃಹಶಾಂತಿ ಈ ಮೂರೂ ನಾಶವಾಗುತ್ತವೆ. ಆದ್ದರಿಂದ ಸಿದ್ಧಾಂತವೇನೆಂದರೆ, ಯಂತ್ರದೊಳಗೇ ಇನ್ನೊಂದು ಮಾಯಾಯಂತ್ರವನ್ನು ಕಟ್ಟಿಕೊಡುವ ವರ್ಚುವಲ್‌ಬಾಕ್ಸ್.

ಶಾಸ್ತ್ರವು ಅದ್ವೈತಕ್ಕೆ ತಿರುಗುವುದು ಈ ಘಟ್ಟದಲ್ಲಿ. ಒಂದೇ ಡಿಸ್ಕಿನಲ್ಲಿ ನಾಲ್ಕು ಫೈಲು ಮಾಡಿ, ಒಳಗಿನ ಮಾಯಾಯಂತ್ರಕ್ಕೆ 'ಇವು ನಾಲ್ಕು ಡಿಸ್ಕು' ಎಂದರೆ ಅದು ಮರುಮಾತಿಲ್ಲದೆ ನಂಬುತ್ತದೆ. ಒಂದರಲ್ಲಿ ತಂತ್ರಾಂಶವಿಟ್ಟು, ತಲಾ 20 ಜಿಬಿಯ ಮಿಕ್ಕ ಮೂರನ್ನು ಝಡ್‌ಎಫ್‌ಎಸ್‌ನ ರೇಡ್ ಆದ ರೇಡ್‌ಝಡ್1 ಮಾಡಿದರೆ ಸುಮಾರು 40 ಜಿಬಿ ಕೈಗೆ ಬರುತ್ತದೆ. ಒಂದರಷ್ಟು ಜಾಗ, ಕಳೆದುದನ್ನು ಮರಳಿ ಲೆಕ್ಕ ಹಾಕಲು ನೆರವಾಗುವ ಪ್ಯಾರಿಟಿಯ ಪಾಲು. ಟ್ರೂನಾಸ್ 8 ಜಿಬಿ ರ‍್ಯಾಮ್ ಬೇಡುತ್ತದೆ, ಮನೆಯ ಯಂತ್ರದಲ್ಲಿ ಇರುವುದೂ ಅಷ್ಟೇ. ಇಂಥ ದರಿದ್ರರಿಗೆ ಓಪನ್‌ಮೀಡಿಯಾವಾಲ್ಟ್ ವಿಹಿತ. ಮಾಯಾಯಂತ್ರದ ನೆಟ್‌ವರ್ಕ್ 'ನ್ಯಾಟ್'ನಲ್ಲಿದ್ದರೆ ಮನೆಯ ಬೇರೆ ಯಂತ್ರಗಳಿಗೆ ಸರ್ವರ್ ಕಾಣದು. 'ಬ್ರಿಜ್ಡ್' ಮಾಡಿದಾಗಲೇ ದರ್ಶನ. ಈ ಒಂದು ವಾಕ್ಯ ಗೊತ್ತಿಲ್ಲದೆ ಎಷ್ಟು ರಾತ್ರಿಗಳು ಕಳೆದಿವೆಯೋ ಭಾಷ್ಯಕಾರರೇ ಬಲ್ಲರು.

ಇನ್ನು ಡಿಸ್ಕ್‌ಮರಣ ಪ್ರಯೋಗ. ಮಾಯಾಯಂತ್ರವನ್ನು ಆರಿಸಿ, ಒಂದು ಫೈಲನ್ನು ಕಳಚಿ, ಮತ್ತೆ ಎಬ್ಬಿಸಬೇಕು. ಡಿಸ್ಕುಗಳ ಕೂಟವಾದ ಪೂಲ್ 'ಡಿಗ್ರೇಡೆಡ್' ಎಂದು ಗೋಳಾಡಿದರೂ ಕಡತಗಳು ತೆರೆಯುತ್ತವೆ. ಹೊಸ ಖಾಲಿ ಫೈಲು ಕೊಟ್ಟರೆ ಉಳಿದ ಎರಡರಿಂದ ಲೆಕ್ಕ ಹಾಕಿ ಕಳೆದುದನ್ನು ಅದರಲ್ಲಿ ತುಂಬುತ್ತದೆ. ಮೃತಸಂಜೀವಿನಿಯನ್ನು ಕಣ್ಣಾರೆ ಕಂಡವನು ರಾತ್ರಿ ಒಂದು ಗಂಟೆಗೆ ಯಾರನ್ನಾದರೂ ಎಬ್ಬಿಸಿ ತೋರಿಸಬೇಕೆಂದು ತವಕಿಸುತ್ತಾನೆ. ನಿಷಿದ್ಧ. ಸೂಕ್ಷ್ಮಮತಿಗಳು ಇನ್ನೂ ಮುಂದೆ ಹೋಗಿ, ಒಂದು ಡಿಸ್ಕಿನ ಮೇಲೆ ಅಸಂಬದ್ಧ ಬೈಟುಗಳನ್ನು ಸುರಿದು, ಎಲ್ಲವನ್ನೂ ಓದಿ ತಾಳೆ ನೋಡುವ ಸ್ಕ್ರಬ್ ಓಡಿಸುತ್ತಾರೆ. ಪ್ರತಿ ಬ್ಲಾಕಿಗೂ ಚೆಕ್‌ಸಮ್ ಬರೆದಿಟ್ಟುಕೊಂಡಿರುವ ಝಡ್‌ಎಫ್‌ಎಸ್ ಕಲಬೆರಕೆಯನ್ನು ಪತ್ತೆ ಮಾಡಿ, ತಾನೇ ತಿದ್ದಿ, ಎಷ್ಟು ತಿದ್ದಿದೆನೆಂದು ವರದಿಯನ್ನೂ ಒಪ್ಪಿಸುತ್ತದೆ.

ಆದರೆ ವೇಗದ ಪ್ರಮಾಣ ಇಲ್ಲಿ ಅಗ್ರಾಹ್ಯ. ಮೂರು ಮದುವೆಗೆ ಒಬ್ಬನೇ ಅಡುಗೆಭಟ್ಟ ಓಡಾಡಿದಂತೆ, ಒಂದೇ ಹಳೆಯ ಡಿಸ್ಕಿನ ಮುಳ್ಳು ಮೂರು ಫೈಲುಗಳ ನಡುವೆ ತಿರುಗುತ್ತಿರುತ್ತದೆ. ಇನ್ನೊಂದು ಆಕ್ಷೇಪ ಗಂಭೀರವಾದುದು: ಮೂರಕ್ಕೂ ಅಧಿಷ್ಠಾನ ಒಂದೇ ಡಿಸ್ಕಾದ್ದರಿಂದ ಅದು ಹೋದರೆ ಸರ್ವವೂ ಲಯ. ಹೀಗಾಗಿ ಸಾಧಿಸಬೇಕಾಗಿದ್ದ ಒಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಈ ಪರೀಕ್ಷೆ ಸಾಧಿಸುತ್ತದೆ. ಇದನ್ನು ದೋಷವೆಂದು ಬಗೆಯುವವರು ಸಂಶೋಧನೆಯ ಸ್ವರೂಪವನ್ನು ಅರಿಯದವರು. ಮುಂದಿನ ಅಧ್ಯಾಯಕ್ಕೆ ವಸ್ತು ಬೇಡವೆ?

ಈಗ ಪ್ರಯೋಜನ. ರೇಡ್ ಇದ್ದರೂ ಬ್ಯಾಕಪ್ ಬೇರೆಯೇ ಬೇಕು, ಏಕೆಂದರೆ ಕೈತಪ್ಪಿ ಅಳಿಸಿದ್ದು ಎಲ್ಲ ಡಿಸ್ಕಿನಿಂದಲೂ ಏಕಕಾಲಕ್ಕೆ ಅಳಿಯುತ್ತದೆ. ಈ ಸೂತ್ರದ ವ್ಯಾಖ್ಯಾನ ನಡೆದಿರುವಾಗಲೇ ಪೂರ್ವಪಕ್ಷಿಗಳಾದ ಮನೆಯವರು ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತಂದು, ಫೋಟೊಗಳನ್ನೆಲ್ಲ ಅದಕ್ಕೆ ನಕಲು ಮಾಡಿ, ಬೀರುವಿನಲ್ಲಿಟ್ಟು ಮಲಗಿದರು. ಅದು ಕೇವಲ ಲೌಕಿಕ ವ್ಯವಹಾರ; ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ.