ಟೈಟಲ್ ಹೊತ್ತಿನ ಮರಳು ಗುಡ್ಡೆ

ಟೆಂಟ್ ಸಿನಿಮಾದ ನೆಲದ ಗಿರಾಕಿಗಳಿಗೆ ಟೈಟಲ್ ಬರುವ ಹೊತ್ತು ಕೈತುಂಬ ಕೆಲಸ. ಮರಳು ಗೋರಿ ಗುಡ್ಡೆ ಮಾಡಬೇಕು, ಮೇಲೆ ಟವೆಲ್ ಹಾಸಬೇಕು, ಮುಂದಿನವನ ಗುಡ್ಡೆ ನಮ್ಮದಕ್ಕಿಂತ ಎತ್ತರವಾಗಿದ್ದರೆ ಜಗಳ ತೆಗೆಯಬೇಕು. ಇಷ್ಟೆಲ್ಲ ಮುಗಿಸಿ ಕತ್ತೆತ್ತುವಷ್ಟರಲ್ಲಿ ‘ನಿರ್ದೇಶನ’ ಬಂದಿರುತ್ತಿತ್ತು. ಛಾಯಾಗ್ರಹಣ ಯಾರದೆಂದು ಚಿಕ್ಕಮಗಳೂರು ಜಿಲ್ಲೆಯ ಶಿವನಿ ಕಡೆಯ ನಾವು ಓದಿದವರೇ ಅಲ್ಲ. ಪಿಕ್ಚರ್ ತೆಗೆಯುವುದೂ ರಾಜ್‌ಕುಮಾರೇ ಎಂದು ನಮ್ಮಜ್ಜಿ ಕೊನೆಯವರೆಗೂ ನಂಬಿದ್ದರು. ಹೊಡೆದಾಡುವುದು ಅವರೇ, ಹಾಡುವುದು ಅವರೇ. ತೆಗೆಯುವುದಕ್ಕೆ ಮಾತ್ರ ಬೇರೆಯವರು ಯಾಕೆ?

ಈ ಅನ್ಯಾಯ ಮಾಡಿದವರು ನಾವಷ್ಟೇ ಅಲ್ಲ. ಅರ್ನೆಸ್ಟ್ ಡೇ ಎಂಬ ಇಂಗ್ಲಿಷ್ ಛಾಯಾಗ್ರಾಹಕರಿದ್ದರು. 1927ರಲ್ಲಿ ಸರ್ರೆಯಲ್ಲಿ ಹುಟ್ಟಿದವರು. ಡೇವಿಡ್ ಲೀನ್ ಅವರ ‘ಲಾರೆನ್ಸ್ ಆಫ್ ಅರೇಬಿಯಾ’, ‘ಡಾಕ್ಟರ್ ಜಿವಾಗೊ’, ‘ರಯಾನ್ಸ್ ಡಾಟರ್’ ಮೂರಕ್ಕೂ ಛಾಯಾಗ್ರಾಹಕರು ಫ್ರೆಡ್ಡಿ ಯಂಗ್, ಮೂರಕ್ಕೂ ಅವರಿಗೆ ಆಸ್ಕರ್. ಡೇ ಆ ಚಿತ್ರಗಳಲ್ಲಿ ಕ್ಯಾಮೆರಾ ಆಪರೇಟರ್. ಬೆಳಕು ಎಲ್ಲಿಂದ ಬೀಳಬೇಕು, ಎಷ್ಟು ಬೀಳಬೇಕು ಎಂಬುದು ಛಾಯಾಗ್ರಾಹಕರ ಲೆಕ್ಕ. ಶಾಟ್ ಓಡುವಾಗ ಕಣ್ಣು ಹಚ್ಚಿಕೊಂಡು, ಉಸಿರು ಬಿಗಿಹಿಡಿದು, ಒಂಟೆ ಹೋದತ್ತ ಕ್ಯಾಮೆರಾ ತಿರುಗಿಸುವುದು ಆಪರೇಟರ್ ಕೆಲಸ. ಆಮೇಲೆ ಸ್ಟಾನ್ಲಿ ಕುಬ್ರಿಕ್ ಅವರ ‘ಎ ಕ್ಲಾಕ್‌ವರ್ಕ್ ಆರೆಂಜ್’ಗೂ ಡೇ ಇದೇ ಕೆಲಸ ಮಾಡಿದರು. ಕುಬ್ರಿಕ್ ಅವರೋ, ಮನಸ್ಸು ಬಂದಾಗಲೆಲ್ಲ ಕ್ಯಾಮೆರಾವನ್ನು ತಾವೇ ಎತ್ತಿಕೊಳ್ಳುವ ಪೈಕಿ. ಅಂಥವರ ಹತ್ತಿರ ಆಪರೇಟರ್ ಆಗುವುದೆಂದರೆ ಅತ್ತೆ ಒಲೆಮುಂದಿಂದ ಏಳದ ಮನೆಗೆ ಸೊಸೆಯಾಗಿ ಹೋದ ಹಾಗೆ.

‘ರಯಾನ್ಸ್ ಡಾಟರ್’ ಆದ ಮೇಲೆ ಲೀನ್ ಹದಿನಾಲ್ಕು ವರ್ಷ ಸಿನಿಮಾವನ್ನೇ ಕೊಡಲಿಲ್ಲ. ಕೊನೆಗೆ 1984ರಲ್ಲಿ ಬಂದದ್ದು ‘ಎ ಪ್ಯಾಸೇಜ್ ಟು ಇಂಡಿಯಾ’. ಈ ಸಲ ಛಾಯಾಗ್ರಹಣದ ಯಜಮಾನಿಕೆ ಡೇ ಅವರಿಗೇ ಸಿಕ್ಕಿತು, ಅದೂ ನಮ್ಮ ರಾಜ್ಯದಲ್ಲಿ. ಮೂಲ ಕಾದಂಬರಿಯಲ್ಲಿ ಫಾರ್ಸ್ಟರ್ ಕಲ್ಪಿಸಿದ ಚಂದ್ರಾಪುರ ಬೆಂಗಳೂರು ಅರಮನೆ ಮೈದಾನದಲ್ಲಿ ಎದ್ದು ನಿಂತಿತು. ಕಾದಂಬರಿಯ ಮಾರಾಬಾರ್ ಗುಹೆಗಳಿಗೆ ಮೂಲ ಬಿಹಾರದ ಬರಾಬರ್. ಲೀನ್‌ಗೆ ಒಪ್ಪಿಗೆಯಾದದ್ದು ಸಾವನದುರ್ಗ ಮತ್ತು ರಾಮದೇವರ ಬೆಟ್ಟ. ಬಂಡೆ ಬೇಕಾದಷ್ಟಿತ್ತು, ಗುಹೆ ಇರಲಿಲ್ಲ. ಗುಹೆಯ ಬಾಯಿಗಳನ್ನು ಚಿತ್ರತಂಡವೇ ಮಾಡಿಸಿಕೊಂಡಿತು.

ಆ ಚಿತ್ರದಲ್ಲಿ ನನಗೆ ಹಿಡಿಸುವುದು ಬಿಸಿಲು. ಕಾರ್ಗತ್ತಲಲ್ಲಿ ಹೆದರಿಸುವುದು ಯಾರಿಗಾದರೂ ಬಂದೀತು. ಮಟಮಟ ಮಧ್ಯಾಹ್ನ, ನೆರಳಿಲ್ಲದ ಬರಿಗಲ್ಲಿನ ಮೇಲೆ, ಆನೆ ಏರಿ ಪಿಕ್ನಿಕ್ಕಿಗೆ ಬಂದವರ ಎದೆಯೊಳಗೆ ಭಯ ಇಳಿಸಬೇಕಾದರೆ ಬೆಳಕಿನ ಗುಟ್ಟು ಗೊತ್ತಿರಬೇಕು. ಏಪ್ರಿಲ್ ತಿಂಗಳಲ್ಲಿ ಶಿವನಿ ಸ್ಟೇಷನ್ನಿನಲ್ಲಿ ಇಳಿದು, ಕೊಡೆಯಿಲ್ಲದೆ ಹೊಲದ ದಾರಿ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ರಕ್ಕೆ ಹನ್ನೊಂದು ಆಸ್ಕರ್ ನಾಮನಿರ್ದೇಶನ, ಡೇ ಅವರದೂ ಅದರಲ್ಲೊಂದು. ಗೆದ್ದವರು ಪೋಷಕ ನಟಿ ಪೆಗ್ಗಿ ಆಶ್‌ಕ್ರಾಫ್ಟ್, ಸಂಗೀತದ ಮೊರಿಸ್ ಜಾರ್. ಛಾಯಾಗ್ರಹಣದ್ದು ‘ದಿ ಕಿಲ್ಲಿಂಗ್ ಫೀಲ್ಡ್ಸ್’ನ ಕ್ರಿಸ್ ಮೆಂಗಸ್ ಪಾಲಾಯಿತು. ಅವರೂ ಇಂಗ್ಲೆಂಡಿನವರೇ, ಆದ್ದರಿಂದ ಪರದೇಶಿಯ ಮೇಲೆ ಹಾಕಿ ಬೈಯುವ ಸಮಾಧಾನವೂ ಇಲ್ಲ. ಡೇ 2006ರಲ್ಲಿ ತೀರಿಕೊಂಡರು. ರಾಮದೇವರ ಬೆಟ್ಟವಿರುವ ರಾಮನಗರದಲ್ಲಿ ಇವತ್ತಿಗೂ ಕೈಮಾಡಿ ತೋರಿಸುವುದು ‘ಶೋಲೆ’ಯ ಗಬ್ಬರ್‌ಸಿಂಗನ ಬಂಡೆಯನ್ನು.

ಹೊರದೇಶದ ಕ್ಯಾಮೆರಾ ಲೀನ್ ಬರುವುದಕ್ಕೂ ಮುಂಚೆ ನಮ್ಮ ಜಿಲ್ಲೆಗೇ ಬಂದಿತ್ತು. ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ ತೆಗೆದವರು ಟಾಮ್ ಕೋವನ್, ಆಸ್ಟ್ರೇಲಿಯಾದವರು. (ಜಿಲ್ಲೆ ಒಂದೇ ನಿಜ, ಆದರೆ ಮಳೆ ಶೃಂಗೇರಿ ಕಡೆಗೆ, ಬರೀ ಮೋಡ ನಮ್ಮ ಕಡೆಗೆ.) ಕೋವನ್ ಕೈಕೆಳಗೆ ಪಳಗಿದ ಎಸ್. ರಾಮಚಂದ್ರ 1977ರ ‘ಘಟಶ್ರಾದ್ಧ’ಕ್ಕೆ ಕ್ಯಾಮೆರಾ ಹಿಡಿದರು. ‘ಘಟಶ್ರಾದ್ಧ’ ಎಂದರೆ ನಿರ್ದೇಶಕ ಕಾಸರವಳ್ಳಿ ಎನ್ನುತ್ತೇವೆ. ರಾಮಚಂದ್ರರ ಹೆಸರು ಹೇಳುವವರು ಸಿನಿಮಾ ಹುಚ್ಚಿನವರು ಮಾತ್ರ. ಇನ್ನು ಮೈಸೂರಿನ ವಿ.ಕೆ. ಮೂರ್ತಿ, ಗುರುದತ್ತರ ಕಪ್ಪು-ಬಿಳುಪಿಗೆ ಜೀವ ಕೊಟ್ಟವರು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. 1969ರಿಂದ ಕೊಡುತ್ತಿರುವ ಆ ಪ್ರಶಸ್ತಿಯ ಸಮಿತಿಗೆ ಒಬ್ಬ ಛಾಯಾಗ್ರಾಹಕ ಕಣ್ಣಿಗೆ ಬಿದ್ದದ್ದು ಅದೇ ಮೊದಲು.

ಈಗ ಶಿವನಿಯ ಮದುವೆಗಳಿಗೂ ಡ್ರೋನ್ ಬರುತ್ತದೆ. ತಿಂಗಳಾದ ಮೇಲೆ ಪೆನ್‌ಡ್ರೈವ್ ಬಂದರೆ ಮನೆಮಂದಿಯೆಲ್ಲ ಟೀವಿ ಮುಂದೆ. ಮೊನ್ನೆ ನಮ್ಮ ಚಿಕ್ಕಮ್ಮ ಮಗಳ ಮದುವೆಯ ವಿಡಿಯೊವನ್ನು ಪಂಕ್ತಿ ಪಂಕ್ತಿಯಾಗಿ ನೋಡಿ ಮುಗಿಸಿ, ಪೇಚಾಡಿಕೊಂಡರು: “ಎಲ್ರೂ ಉಂಡಿದ್ದು ಕಾಣ್ತೈತೆ, ಆ ವಿಡಿಯೊ ಹುಡುಗ ಮಾತ್ರ ಎಲ್ಲೂ ಕಾಣಲ್ಲ. ಪಾಪ, ಉಪಾಸ ಕಳಿಸಿಬಿಟ್ವೇನೋ!”

“ಅವ್ನು ಉಣ್ಣೋದ್ನೂ ಅವ್ನೇ ಹೆಂಗೆ ತೆಗೀತಾನೆ ಕಣೇ?” ಎಂದರು ಚಿಕ್ಕಪ್ಪ.

ಚಿಕ್ಕಮ್ಮ ಒಪ್ಪಲಿಲ್ಲ. ಫೋನ್ ಮಾಡಿಸಿ ಕೇಳಿಯೇ ಬಿಟ್ಟರು. ಎರಡು ಸಲ ಉಂಡಿದ್ದನಂತೆ.