ಕುಂಯ್ ಕಾಕಾ

ಬಾಗಲಕೋಟೆ ಜಿಲ್ಲೆಯ ಊರೂರಿಗೂ ಒಬ್ಬ ಕುಂಯ್ ಕಾಕಾ ಇರುತ್ತಾನೆ. ಹುನಗುಂದದವನು ತುಸು ತೆಳ್ಳಗೆ, ಇಳಕಲ್ಲಿನವನಿಗೆ ಸಾಲ ತುಸು ಹೆಚ್ಚು, ಬಾದಾಮಿಯವನ ಬಾಯಲ್ಲಿ ಇತಿಹಾಸ ಜಾಸ್ತಿ. ಉಳಿದಂತೆ ಎಲ್ಲರದೂ ಒಂದೇ ಅಚ್ಚು. ಸ್ವಂತ ಎರಿ ಹೊಲವನ್ನು ಲಾವಣಿಗೆ ಕೊಟ್ಟು, ಪರರ ಹೊಲದಲ್ಲಿ ತಾನು ಅಡ್ಡಾಡುತ್ತಾನೆ. ಕೈಯಲ್ಲೊಂದು ಕೋಲು, ಕೋಲಿನ ತುದಿಗೆ ರೊಟ್ಟಿಯಗಲದ ಬಿಲ್ಲೆ. ನೆಲದೊಳಗೆ ಲೋಹವಿದ್ದರೆ ಬಿಲ್ಲೆ ಕುಂಯ್ ಎನ್ನುತ್ತದೆ. ಜೊತೆಗೆ ಬಂದಿದ್ದ ಹೆಡ್‌ಫೋನು ಮೊಮ್ಮಗನ ಪಾಲಾಗಿರುವುದರಿಂದ ಕಾಕಾನ ಗುಟ್ಟಿನ ಕೆಲಸವೆಲ್ಲ ಮೂರು ಹೊಲದಾಚೆಗೂ ಕೇಳುತ್ತದೆ.

ಮಷೀನು ಮಗನ ಫೋನಿನಿಂದ ಆನ್‌ಲೈನಿನಲ್ಲಿ ತರಿಸಿದ್ದು. ಬೋರ್‌ವೆಲ್ ಪಾಯಿಂಟ್ ನೋಡುವ ಮಷೀನು ಎಂದು ಕಾಕೂಗೆ ಹೇಳಿದ್ದಾನೆ. ಈ ಸುಳ್ಳು ಮುಂದೆ ಅವನನ್ನೇ ನುಂಗಿದ್ದನ್ನು ಆಮೇಲೆ ಹೇಳುತ್ತೇನೆ.

ಹುಚ್ಚು ಹಿಡಿಸಿದ್ದು ಇಂಗ್ಲೆಂಡಿನ ಒಂದು ಹೊಲ. 2009ರಲ್ಲಿ ಸ್ಟ್ಯಾಫರ್ಡ್‌ಶೈರ್‌ನಲ್ಲಿ ಇಂಥದೇ ಮಷೀನು ಹಿಡಿದು ಹೋದವನೊಬ್ಬನಿಗೆ ಆಂಗ್ಲೋ-ಸ್ಯಾಕ್ಸನ್ ಕಾಲದ ಚಿನ್ನದ ರಾಶಿ ಸಿಕ್ಕಿತು. ಬೆಲೆ ಸುಮಾರು 33 ಲಕ್ಷ ಪೌಂಡ್ ಎಂದು ಕಟ್ಟಿ, ಹುಡುಕಿದವನಿಗೂ ಹೊಲದ ಒಡೆಯನಿಗೂ ಹಂಚಿದರು. ಕಾಕಾ ಈ ಕಥೆಯನ್ನು ಪುರಾಣ ಹೇಳುವಷ್ಟು ಭಕ್ತಿಯಿಂದ ಹೇಳುತ್ತಾನೆ. ಆ ಮನುಷ್ಯ ಮೊದಲು ಹೊಲದವನ ಒಪ್ಪಿಗೆ ಪಡೆದಿದ್ದ, ಆಮೇಲೆ ಸರ್ಕಾರಕ್ಕೆ ತಿಳಿಸಿದ್ದ ಎಂಬ ಎರಡು ಅಧ್ಯಾಯಗಳನ್ನು ಮಾತ್ರ ಹಾರಿಸುತ್ತಾನೆ.

"ತಮ್ಮಾ, ಸಿಕ್ಕಿದ್ದರಾಗ ಅರ್ಧಾ ನಿಂದು, ಅರ್ಧಾ ನಂದು" ಎಂದು ಹೊಲದವನಿಗೆ ಆಸೆ ಹಚ್ಚುತ್ತಾನೆ.

"ಪೂರಾ ನೀವ ಇಟ್ಗೋರಿ ಕಾಕಾ. ತೋಡಿದ ಕುಣಿ ಅಷ್ಟ ಮುಚ್ಚಿ ಹೋಗ್ರಿ. ಮೊನ್ನಿ ನಮ್ಮ ಎತ್ತಿನ ಕಾಲು ಉಳುಕೇತಿ."

ಬಾದಾಮಿಯ ಕಾಕಾನದೊಂದು ಸಿದ್ಧಾಂತವಿದೆ, ಅದನ್ನು ಸುಲಭಕ್ಕೆ ತಳ್ಳಿಹಾಕುವಂತಿಲ್ಲ. 642ರಲ್ಲಿ ಪಲ್ಲವರ ನರಸಿಂಹವರ್ಮ ಎರಡನೆಯ ಪುಲಿಕೇಶಿಯನ್ನು ಸೋಲಿಸಿ ವಾತಾಪಿಯನ್ನು, ಅಂದರೆ ಇದೇ ಬಾದಾಮಿಯನ್ನು, ಹಿಡಿದ. ಒಂದನೆಯ ವಿಕ್ರಮಾದಿತ್ಯ ಅದನ್ನು ಬಿಡಿಸಿಕೊಂಡದ್ದು 655ರಲ್ಲಿ. ನಡುವೆ 13 ವರ್ಷ. ಊರು ಬಿಟ್ಟು ಓಡಿದವರು ಹೊನ್ನು ಹೂಳದೆ ಓಡುತ್ತಾರೆಯೇ? ಹೂತವರು ವಾಪಸ್ ಬರುವವರೆಗೆ ಬದುಕಿರುತ್ತಾರೆಯೇ? ಹಾಗಾದರೆ ಹೊನ್ನು ಎಲ್ಲಿದೆ? ಇಲ್ಲಿಯ ತನಕ ತರ್ಕ ಸರಿಯಾಗಿಯೇ ಇದೆ. ಅಷ್ಟೂ ಹೊನ್ನು ತನ್ನ ದಾಯಾದಿಯ ಹೊಲದಲ್ಲೇ ಇದೆ ಎನ್ನುವಲ್ಲಿ ಮಾತ್ರ ಇತಿಹಾಸ ಮುಗಿದು ವಾಟ್ನಿಯ ಜಗಳ ಶುರುವಾಗುತ್ತದೆ.

ಬಾಗಲಕೋಟೆಯ ಕಾಕಾ ಬೇಸಿಗೆಯವನು. ಆಲಮಟ್ಟಿಯ ಹಿನ್ನೀರು ಇಳಿದು ಹಳೆ ಊರಿನ ಅಂಚಿನ ಕೆಸರು ಒಣಗುತ್ತಲೇ ಹೊರಡುತ್ತಾನೆ. ಪೇಶ್ವೆಗಳ ಕಾಲಕ್ಕೆ ಬಾಗಲಕೋಟೆಯಲ್ಲೇ ರೂಪಾಯಿ ಟಂಕಿಸುತ್ತಿದ್ದರು ಎಂಬುದೊಂದೇ ಅವನ ಬಂಡವಾಳ. ಮುಳುಗಡೆಯ ಪರಿಹಾರ ತೆಗೆದುಕೊಂಡು ನವನಗರಕ್ಕೆ ಹೋಗುವಾಗ ಜಂತಿ, ಬಾಗಿಲು, ಚೌಕಟ್ಟು, ಬಚ್ಚಲ ಕಲ್ಲನ್ನು ಸಹ ಬಿಚ್ಚಿಕೊಂಡು ಹೋದ ಜನ ಹೊನ್ನಿನ ಗಡಿಗೆ ಮರೆತು ಹೋದರು ಎಂದು ನಂಬಬೇಕಾದರೆ ಮನುಷ್ಯನ ಮೇಲೆ ಅಪಾರ ವಿಶ್ವಾಸ ಬೇಕು. ಕಾಕಾನಿಗೆ ಅದಿದೆ.

ಹುನಗುಂದದ ಕಾಕಾನ ಪಾಡು ಬೇರೆ. ಅಮೀನಗಡದ ಕಡೆ ಕಬ್ಬಿಣದ ಅದಿರಿನ ಕಲ್ಲು ಉಂಟು. ಅಲ್ಲಿ ಮಷೀನು ಹಚ್ಚಿದರೆ ಒಂದೇ ಸಮನೆ ಕುಂಯ್. ಗುಡ್ಡದ ತುಂಬ ಹೊನ್ನು ಎಂದು ಹಿಗ್ಗಿ, ಬೆವರು ಬಸಿದು ತೋಡಿ, ಕಡೆಗೆ ಅಮೀನಗಡದ ಕರದಂಟು ಕಟ್ಟಿಸಿಕೊಂಡು ಮನೆಗೆ ಬರುತ್ತಾನೆ. ಆ ದಿನಗಳ ಗಳಿಕೆ ಅಷ್ಟೇ.

ಎರಿ ಹೊಲವಾದರೂ ಸುಮ್ಮನಿರುತ್ತದೆಯೇ? ಬೇಸಿಗೆಯಲ್ಲಿ ಬಾಯಿ ಬಿಟ್ಟು ಮೇಲಿನದನ್ನು ಒಳಗೆ ಎಳೆದುಕೊಳ್ಳುತ್ತದೆ, ಮಳೆಗೆ ಉಬ್ಬಿ ಒಳಗಿನದನ್ನು ಮೇಲೆ ನೂಕುತ್ತದೆ. ಸಾಮಾನ್ಯ ಮಷೀನಿಗೆ ಒಂದು ನಾಣ್ಯ ತಿಳಿಯುವುದು ಗೇಣು ಆಳದವರೆಗೆ ಮಾತ್ರ. ಆ ಗೇಣಿನೊಳಗೆ ಕಾಕಾನಿಗೆ ಸಿಕ್ಕಿದ್ದು ಕುಂಟಿಯ ಕುಡ, ಎತ್ತಿನ ಲಾಳ, ಬಿಯರ್ ಬಾಟಲಿಯ ಮುಚ್ಚಳ, ಸೈಕಲ್ ಬೆಲ್ಲಿನ ಟೊಪ್ಪಿಗೆ, ಗುಳಿಗೆ ಚೀಟಿಯ ಬೇಗಡೆ. ಬೇಗಡೆಗೂ ಸಣ್ಣ ಬಂಗಾರಕ್ಕೂ ಮಷೀನು ಹೆಚ್ಚುಕಡಿಮೆ ಒಂದೇ ರಾಗ ಹಾಡುತ್ತದೆ, ಹೀಗಾಗಿ ಕಾಕಾನ ಎದೆ ದಿನಕ್ಕೆ ಹತ್ತು ಸಲ ಡವಗುಟ್ಟುತ್ತದೆ. ಒಮ್ಮೆ ನಡುವೆ ತೂತಿದ್ದ ಕಾಸು ಸಿಕ್ಕಿತ್ತು. ಚಾಲುಕ್ಯರದು, ದಾರ ಪೋಣಿಸಲು ತೂತು ಮಾಡಿದ್ದಾರೆ ಎಂದು ಊರೆಲ್ಲ ತೋರಿಸಿದ. ಅದು ಎರಡನೇ ಮಹಾಯುದ್ಧದ ಹೊತ್ತಿಗೆ ತಾಮ್ರ ಉಳಿಸಲು ಬ್ರಿಟಿಷ್ ಸರ್ಕಾರ ಹೊರಡಿಸಿದ ಪೈಸೆ. ಮೇಲೆ 1943 ಎಂದು ಇಂಗ್ಲಿಷ್ ಅಂಕಿಯಲ್ಲೇ ಬರೆದಿತ್ತು.

ಇಳಕಲ್ಲಿನ ಕಾಕಾನನ್ನು ಹುಡುಕಿಕೊಂಡು ಹೊರಗಿನ ಏಜೆಂಟರೇ ಬರುತ್ತಾರೆ. ಒಂದು ಬದಿ ಹನುಮಂತ, ಇನ್ನೊಂದು ಬದಿ ಈಸ್ಟ್ ಇಂಡಿಯಾ ಕಂಪನಿ, 1818 ಎಂಬ ನಾಣ್ಯ ತೋರಿಸಿ, ಇದು ಅಕ್ಕಿಯನ್ನು ಎಳೆಯುತ್ತದೆ, ಇದಕ್ಕೆ ಕೋಟಿ ಬೆಲೆ ಎನ್ನುತ್ತಾರೆ. ಕಂಪನಿ ಸರ್ಕಾರ ಹನುಮಂತನ ನಾಣ್ಯ ಟಂಕಿಸಿದ್ದೇ ಇಲ್ಲ. ಅಕ್ಕಿ ಕಾಳಿನೊಳಗೆ ಕಬ್ಬಿಣದ ಎಳೆ ತೂರಿಸಿದರೆ ಯಾವ ಅಯಸ್ಕಾಂತವೂ ಅದನ್ನು ಎಳೆಯುತ್ತದೆ. ಓದಿದವರೇ ಇದಕ್ಕೆ ಲಕ್ಷಗಟ್ಟಲೆ ಸುರಿದು ಕೂತಿದ್ದಾರೆ. ನಮ್ಮ ಕಾಕಾ ಬಚಾವಾದದ್ದು ಬುದ್ಧಿಯಿಂದಲ್ಲ, ಬಾಯಿಂದ. "ನಮ್ಮ ಕಡೆ ಅಕ್ಕಿ ಯಾರ ಉಣ್ತಾರ್ರಿ? ಜ್ವಾಳಾ ಎಳೀತದೇನು, ಅದನ್ನ ಹೇಳ್ರಿ" ಎಂದು ಕೇಳಿದ. ಏಜೆಂಟರು ಜೋಳಕ್ಕೆ ತಯಾರಾಗಿ ಬಂದಿರಲಿಲ್ಲ.

ಇಲ್ಲಿ ಇನ್ನೊಂದು ಜಾತಿಯವರನ್ನು ಬೇರೆ ಮಾಡಿ ಹೇಳಲೇಬೇಕು. ಅಂಜನ ಹಾಕಿಸಿ, ಕಾಲು ಮುಂದಾಗಿ ಹುಟ್ಟಿದವನನ್ನು ಕರೆತಂದು, ಅಮಾವಾಸ್ಯೆಯ ರಾತ್ರಿ ಪಾಳು ಗುಡಿಯ ನಂದಿಯನ್ನು ಹಾರೆಯಿಂದ ಮೀಟುವವರು. ಅವರ ಬಗ್ಗೆ ನಗೆಬರಹ ಬರೆಯಲು ನನಗೆ ಮನಸ್ಸಿಲ್ಲ. ಕಾಕಾನಿಗೂ ಅವರನ್ನು ಕಂಡರಾಗದು. "ಅವ್ರದು ಮೂಢನಂಬಿಕಿ, ನಂದು ಸೈನ್ಸು" ಎನ್ನುತ್ತಾನೆ. ಎನ್ನುವಾಗ ಮಷೀನಿಗೆ ಕಟ್ಟಿದ ನಿಂಬೆಹಣ್ಣು ಅಲ್ಲಾಡುತ್ತಿರುತ್ತದೆ.

ಈ ಸೈನ್ಸಿನ ಕಥೆ ಮಲಪ್ರಭೆಯ ದಂಡೆಯ ಖ್ಯಾಡದಲ್ಲಿ ಬಯಲಾಯಿತು. ಬಾದಾಮಿ ತಾಲ್ಲೂಕಿನ ಈ ಊರು ಪ್ರಾಗಿತಿಹಾಸ ಓದಿದವರಿಗೆಲ್ಲ ಗೊತ್ತು. ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲೇ ಮಲಪ್ರಭೆಯ ಬಯಲಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧಗಳನ್ನು ಗುರುತಿಸಿದ್ದ. ಆರ್. ವಿ. ಜೋಶಿ ಇದೇ ಕಣಿವೆಯ ಮೇಲೆ 1955ರಲ್ಲಿ ಪುಸ್ತಕವನ್ನೇ ತಂದರು. ಕಾಕಾ ಅಲ್ಲಿ ದಿನವಿಡೀ ಅಡ್ಡಾಡಿದ. ಕಾಲಿಗೆ ಅಂಗೈಯಗಲದ ಕ್ವಾರ್ಟ್ಜೈಟ್ ಕಲ್ಲು ತಾಕಿತು. ಎರಡೂ ಮೈಗೆ ಚೆಕ್ಕೆ ಎಬ್ಬಿಸಿದ, ಒಂದು ತುದಿ ಚೂಪಾದ, ಬಾದಾಮಿ ಆಕಾರದ ಕಲ್ಲು. ಮಷೀನು ಹಿಡಿದು ನೋಡಿದ. ಸದ್ದಿಲ್ಲ. ಸದ್ದಿಲ್ಲದ್ದು ಕಾಕಾನ ಪಾಲಿಗೆ ವಸ್ತುವೇ ಅಲ್ಲ. ಅಷ್ಟರಲ್ಲಿ ಕುಂಯ್ ಸದ್ದಿಗೆ ರೊಚ್ಚಿಗೆದ್ದ ನಾಯಿಯೊಂದು ಬೆನ್ನು ಹತ್ತಿತು, ಕೈಯಲ್ಲಿದ್ದದ್ದನ್ನೇ ಬೀಸಿ ಒಗೆದ. ಲಕ್ಷಾಂತರ ವರ್ಷ ಸುಮ್ಮನೆ ಬಿದ್ದಿದ್ದ ಕೈಗೊಡಲಿಗೆ ಆ ದಿನ ಮತ್ತೆ ಕೆಲಸ ಸಿಕ್ಕಿತು. ನಾಯಿ ತಪ್ಪಿಸಿಕೊಂಡಿತು.

ಐಹೊಳೆಯ ಆಸುಪಾಸಿನ ಹೊಲಗಳಲ್ಲಿ ಬೋಕಿ ಚೂರುಗಳನ್ನು ತುಳಿದು ದಾಟುವಾಗಲೂ ಇದೇ ಮಾತು: "ಗಡಿಗಿ ನಮ್ಮವ್ವನೂ ಒಡದಾಳ."

ಕಾಯ್ದೆಯ ಮಾತು ಬಂದರೆ ಕಾಕಾನಿಗೆ ಕಿವಿ ಮಂದ. ನೆಲದಲ್ಲಿ ಸಿಕ್ಕ, 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿಯನ್ನು ಕಲೆಕ್ಟರರಿಗೆ ತಿಳಿಸಬೇಕೆಂದು ಬ್ರಿಟಿಷರು 1878ರಲ್ಲೇ ಕಾನೂನು ಮಾಡಿದ್ದರು. ಕರ್ನಾಟಕದ ಸ್ವಂತ ನಿಧಿ ಕಾಯ್ದೆ 1962ರದು. ನೂರು ವರ್ಷ ದಾಟಿದ ಪ್ರಾಚ್ಯವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸು ಬೇಕೆನ್ನುವ ಕೇಂದ್ರದ ಕಾಯ್ದೆ 1972ರದು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಐಹೊಳೆಯ ಬಡವ ಹೊಸ ಮನೆಗೆ ಪಾಯ ತೋಡುವಂತಿಲ್ಲ, ಕಾಕಾ ಅಲ್ಲಿ ಗುದ್ದಲಿ ಹಿಡಿದು ಏನು ಹೇಳಿಯಾನು?

ಹೇಳಲು ಅವನಲ್ಲೊಂದು ಮಾತಿತ್ತು: ಬೋರ್ ಪಾಯಿಂಟ್ ನೋಡಾಕ ಬಂದೀನಿ. ಒಬ್ಬ ರೈತ ಅದನ್ನು ನಂಬಿದ. ಕಾಕಾ ಬೆದರಿ, ಕಾಲ ಬುಡದಲ್ಲಿ ಬಿದ್ದಿದ್ದ ಲಾಳಕ್ಕೆ ಮಷೀನು ಕುಂಯ್ ಎಂದ ಜಾಗವನ್ನೇ ತೋರಿಸಿ ಕಂಬಿ ಕಿತ್ತ. ರೈತ ಅಲ್ಲೇ ಕೊರೆಸಿದ. ಎರಡು ಇಂಚು ನೀರು ಬಿತ್ತು. ಈಗ ಬನಶಂಕರಿ ಜಾತ್ರೆಗೆ ನಾಟಕ ನೋಡಲು ಹೋದರೂ ಜನ ಬಿಡುವುದಿಲ್ಲ. ತೆಂಗಿನಕಾಯಿ ಹಿಡಿದು ನೀರು ತೋರಿಸುವವರು ಅವನ ಮೇಲೆ ಸಿಟ್ಟಾಗಿದ್ದಾರೆ. ಕಾಕಾನ ಕೈಯಲ್ಲಿ ಮೊದಲ ಸಲ ರೊಕ್ಕ ಓಡಾಡುತ್ತಿದೆ, ಆದರೂ ಮುಖ ಸಪ್ಪಗಿದೆ, ಹೊನ್ನಿನ ಮನುಷ್ಯ ನೀರಿಗೆ ಬಿದ್ದನಲ್ಲ ಎಂದು.

ನಿಮ್ಮ ಹೊಲಕ್ಕೆ ಅವನು ಬಂದರೆ ಪಾಯಿಂಟ್ ಬೇಕಾದರೆ ಕೇಳಿ, ಕುಣಿ ಮುಚ್ಚಿಸಿಕೊಳ್ಳಿ, ಅವನು ಎಸೆದ ಕಲ್ಲನ್ನು ಮಾತ್ರ ಒಮ್ಮೆ ತಿರುಗಿಸಿ ನೋಡಿ. ಹೇಗೆ ನೋಡಬೇಕೆಂದು ತಿಳಿಯದಿದ್ದರೆ ಬಾದಾಮಿಯ ಅಗಸ್ತ್ಯತೀರ್ಥದ ಬಳಿಯ ಮ್ಯೂಸಿಯಮ್ಮಿಗೆ ಹೋಗಿ. ಶಿಲಾಯುಗದ ಆಯುಧಗಳೂ ಸಿಡಿಲಫಡಿ ಗುಹೆಯ ಮಾದರಿಯೂ ಅಲ್ಲಿವೆ. ಕಾಕಾನನ್ನೂ ಕರೆದೊಯ್ಯಿರಿ, ಮಷೀನು ಮನೆಯಲ್ಲಿರಲಿ. ಶುಕ್ರವಾರ ರಜೆ.