ಮೂವತ್ತೆರಡು ಜಿಬಿ ಅಳಿಯ

ಗಂಗಾವತಿಯ ಭತ್ತದ ಮನೆಗಳಲ್ಲಿ ಈಗ ಎರಡು ಟ್ರ್ಯಾಕ್ಟರ್, ಒಬ್ಬ ಕಂಪ್ಯೂಟರ್ ಅಳಿಯ ಇರುವುದು ವಾಡಿಕೆ. ಅಳಿಯನ ಊರು ಕುಷ್ಟಗಿ ಇಲ್ಲವೇ ಯಲಬುರ್ಗಾ ಕಡೆ, ನೌಕರಿ ಬೆಂಗಳೂರು, ದೀಪಾವಳಿ ಮಾವನ ಮನೆ. ಸಜ್ಜೆ ಬಿತ್ತಿ ಮುಗಿಲು ನೋಡುವ ಮನೆಯ ಹುಡುಗನಿಗೆ ಕಾಲುವೆ ದಂಡೆಯ ಮನೆಯ ಹುಡುಗಿಯನ್ನು ಕೊಡಲು ಹಿಂದೆಲ್ಲ ಹತ್ತು ಸಲ ಯೋಚಿಸುತ್ತಿದ್ದರು. ಪ್ಯಾಕೇಜು ಎಂಬುದು ಬಂದ ಮೇಲೆ ಒಂದೇ ಸಲ ಯೋಚಿಸುತ್ತಾರೆ.

"ಅಳಿಯಂದಿರು ಏನ್ ಕೆಲಸ ಮಾಡ್ತಾರ್ರೀ?" ಎಂದು ಯಾರಾದರೂ ಕೇಳಿದರೆ ಅತ್ತೆಯ ಉತ್ತರ ಒಂದೇ: "ನೋಡ್ತಾರ." ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿಕೊಂಡು ಅವನು ನೋಡುತ್ತಿರುತ್ತಾನೆ. ಊಟಕ್ಕೆ ಕರೆದರೆ "ಒಂದೈದು ನಿಮಿಷ, ನೋಡಾಕತ್ತೀನ್ರಿ" ಎನ್ನುತ್ತಾನೆ. ನನಗಂತೂ ಅತ್ತೆಯ ಮಾತು ಅವನ ಬಯೋಡೇಟಾಕ್ಕಿಂತ ಪ್ರಾಮಾಣಿಕ ಅನಿಸುತ್ತದೆ. ಬಯೋಡೇಟಾದಲ್ಲಿ ಎರಡು ಪುಟ ತುಂಬ ಬರೆದಿರುವುದನ್ನು ಹಿಂಡಿದರೆ ಉಳಿಯುವುದು ಇಷ್ಟೇ: ಬ್ಲೇಡ್ ಸರ್ವರಿನಲ್ಲಿ ಯಾವ ಪಾರ್ಟಿಷನ್ನಿಗೆ ಎಷ್ಟು ಮೆಮೊರಿ ಕೊಟ್ಟಿದೆ ಎಂದು ನೋಡುವುದು.

ಸರ್ವರ್ ಇರುವುದು ಬೆಂಗಳೂರಿನ ಒಂದು ಕಂಪನಿಯ ತಣ್ಣನೆಯ ಕೋಣೆಯಲ್ಲಿ. ಬ್ಲೇಡ್‌ಸೆಂಟರ್ ಎಚ್ ಎಂಬ ಐಬಿಎಂ ಪೆಟ್ಟಿಗೆ. ಅದರೊಳಗೆ 14 ಬ್ಲೇಡುಗಳನ್ನು ಸಾಲಾಗಿ ತೂರಿಸಬಹುದು. ಇವನ ಪಾಲಿಗೆ ಬಂದದ್ದು ಅದರಲ್ಲೊಂದು, ಪವರ್ ಪ್ರೊಸೆಸರಿನ ಜೆಎಸ್22. 2007ರ ಮಾಲು. ನಾಲ್ಕು ಕೋರ್, ಮೆಮೊರಿ ಹೆಚ್ಚೆಂದರೆ 32 ಜಿಬಿ. ಭಾವಮೈದ ಗೇಮ್ ಆಡಲು ತಂದುಕೊಂಡ ಕಂಪ್ಯೂಟರಿನಲ್ಲೂ ಇವತ್ತು ಅಷ್ಟೇ ಇದೆ, ಅದಕ್ಕೆ ಬಣ್ಣದ ದೀಪ ಬೇರೆ. ಆದರೆ ಭಾವಮೈದನದು ಒಬ್ಬನೇ ಉಣ್ಣುವ ತಾಟು. ಇಲ್ಲಿ ಅದೇ 32 ಜಿಬಿಯನ್ನು ಪಾರ್ಟಿಷನ್ ಎಂಬ ಪಾಲುಗಳಾಗಿ ಹಂಚಿ, ಒಂದೊಂದು ಪಾಲಿನಲ್ಲೂ ಒಂದೊಂದು ಸ್ವತಂತ್ರ ಯಂತ್ರ ಓಡುತ್ತಿದೆ ಎಂದು ಎಲ್ಲರನ್ನೂ ನಂಬಿಸಲಾಗಿದೆ. ಮೇನ್‌ಫ್ರೇಮುಗಳಲ್ಲಿ ಐಬಿಎಂ ಈ ವಿದ್ಯೆಯನ್ನು 1988ರಲ್ಲೇ ತೋರಿಸಿತ್ತು.

ಕಟ್ಟೆಯ ಮೇಲೆ ಕೂತವನು ಓಣಿಗೆಲ್ಲ ಸೇರಿದವನು. "ಮೆಮೊರಿ ಫುಲ್ ಅಂತ ತೋರ್ಸಾಕತ್ತೈತಿ, ಒಂಚೂರು ನೋಡ್ರಲ್ಲ" ಎಂದು ಫೋನ್ ಹಿಡಿದು ಬರುತ್ತಾರೆ. ಅವನಿಗೆ ಜೀವನದಲ್ಲಿ ಸಿಟ್ಟು ಬರುವುದು ಇದೊಂದಕ್ಕೇ. ತುಂಬಿರುವುದು ಮೆಮೊರಿ ಅಲ್ಲ, ಸ್ಟೋರೇಜು. ಮೆಮೊರಿ ಅಂದರೆ ಯಂತ್ರ ಓಡುವಾಗ ಮಾತ್ರ ಹಿಡಿದಿಡುವಂಥದು, ಆರಿಸಿದರೆ ಅಳಿದುಹೋಗುವಂಥದು ಎಂದು ಚಹಾ ಆರುವತನಕ ವಿವರಿಸುತ್ತಾನೆ. ಬಂದವರು ಶ್ರದ್ಧೆಯಿಂದ ಕೇಳಿ, "ಹೌದ್ ನೋಡ್ರಿ, ಅದೇ ಮೆಮೊರಿನೇ ಫುಲ್ ಆಗೇತಿ" ಎನ್ನುತ್ತಾರೆ. ಕೊನೆಗೆ ಪವರ್ ಪ್ರೊಸೆಸರಿನ ಪರಿಣತ ಅಂಜನಾದ್ರಿ ಬೆಟ್ಟದ ವಿಡಿಯೊಗಳನ್ನೂ ಮೂರು ವರ್ಷದ ಶುಭೋದಯಗಳನ್ನೂ ಅಳಿಸಿ ಫೋನ್ ಮರಳಿಸುತ್ತಾನೆ.

ಪಾರ್ಟಿಷನ್ನುಗಳಿಗೆ ಹೆಸರಿಡುವ ಅಧಿಕಾರ ಸಿಕ್ಕಾಗ ಬೇರೆಯವರು ಗ್ರಹ, ನಕ್ಷತ್ರ ಎಂದು ಇಟ್ಟುಕೊಂಡರು. ಇವನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದು ಇಟ್ಟ. 1997ರಲ್ಲಿ ಕೊಪ್ಪಳ ರಾಯಚೂರಿನಿಂದ ಬಿಡಿಸಿಕೊಂಡು ಜಿಲ್ಲೆಯಾದಾಗ ಇದ್ದ ತಾಲೂಕುಗಳು ಇವೇ ನಾಲ್ಕು. ಎಲ್ಲರಿಗೂ ಡಿಸ್ಕು, ನೆಟ್‌ವರ್ಕು ಹಂಚುವ ವಿಐಒಎಸ್ ಎಂಬ ಮೊದಲನೆಯ ಪಾರ್ಟಿಷನ್ನಿಗೆ ತುಂಗಭದ್ರಾ ಅಣೆಕಟ್ಟಿರುವ ಮುನಿರಾಬಾದಿನ ಹೆಸರಿಟ್ಟ. ಮುನಿರಾಬಾದ್ ನಿಂತರೆ ನಾಲ್ಕೂ ತಾಲೂಕು ನಿಂತುಬಿಡುತ್ತವೆ. ಮುಂದೆ ಕನಕಗಿರಿ, ಕಾರಟಗಿ, ಕುಕನೂರು ತಾಲೂಕುಗಳಾದಾಗ ಅವಕ್ಕೂ ಒಂದೊಂದು ಮಾಡಬೇಕೆಂದು ಹೊರಟ, ಮೆಮೊರಿ ಉಳಿದಿರಲಿಲ್ಲ. ಪುಣೆಯ ಮ್ಯಾನೇಜರು ಕಾಲ್‌ನಲ್ಲಿ ಗಂಭೀರವಾಗಿ "ಯಲ್‌ಬರ್ಗರ್ ಡೌನ್" ಎಂದಾಗ ಇವನೊಬ್ಬನೇ ಮೈಕು ಮುಚ್ಚಿಕೊಂಡು ನಗುತ್ತಾನೆ.

ಒಂದು ಸಂಜೆ ಮಾವ ಪಕ್ಕದಲ್ಲಿ ಕೂತು ಪರದೆ ನೋಡಿದರು. ಗಂಗಾವತಿ 14, ಕೊಪ್ಪಳ 8, ಕುಷ್ಟಗಿ 3, ಯಲಬುರ್ಗಾ 2, ಮುನಿರಾಬಾದ್ 2. ಮಾವ ತುಟಿಯಲ್ಲೇ ಕೂಡಿದರು.

"ಅಳಿಯಂದಿರ, ಒಟ್ಟು 32 ಅಂದಿದ್ರಿ. ಕೂಡಿದ್ರ 29 ಬರಾಕತ್ತೈತಿ. ಮೂರು ಎಲ್ಲಿ ಹೋದುವು?"

"ಅದನ್ನ ಫರ್ಮ್‌ವೇರ್ ಇಟ್ಕೊಂತೈತ್ರಿ ಮಾವಾರ."

"ಹೂಳು ಅನ್ರಿ ಮತ್ತ."

ಕಂಪನಿಯಲ್ಲಿ ಸ್ಲೈಡ್ ಮೇಲೆ ಸ್ಲೈಡ್ ಹಾಕಿ ತೋರಿಸಿದರೂ ಇದು ಯಾರ ತಲೆಗೂ ಹತ್ತಿರಲಿಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಲೆಕ್ಕಕ್ಕೆ ಸಿಗುವುದು 105.788. ಎಡದಂಡೆ ಕಾಲುವೆಯ ರೈತನನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಆ ಮೂರು ದಶಾಂಶವನ್ನು ಬಿಡದೆ ಹೇಳುತ್ತಾನೆ. ಕೊಂಡ ಮೆಮೊರಿ ಬೇರೆ, ಹಂಚಲು ಸಿಗುವ ಮೆಮೊರಿ ಬೇರೆ ಎಂಬುದು ಅಂಥವನಿಗೆ ಹೊಸ ಸುದ್ದಿಯಲ್ಲ.

ಆದರೆ ಬ್ಲೇಡಿನೊಳಗಿನ ಹೂಳಿನ ಬಹುಪಾಲು ಮನುಷ್ಯರ ಆಸೆಯಿಂದಲೇ ಆದದ್ದು. ಪ್ರತಿ ಪಾರ್ಟಿಷನ್ನಿಗೂ ಮೂರು ಅಂಕಿ ಬರೆಯಬೇಕು: ಇಷ್ಟಿಲ್ಲದಿದ್ದರೆ ಏಳುವುದೇ ಇಲ್ಲ ಎನ್ನುವ ಕನಿಷ್ಠ, ಇಷ್ಟು ಬೇಕು ಎನ್ನುವ ಅಪೇಕ್ಷೆ, ಮುಂದೆ ಎಂದಾದರೂ ಇಷ್ಟರವರೆಗೆ ಬೆಳೆಯಬಹುದು ಎನ್ನುವ ಗರಿಷ್ಠ. ಗರಿಷ್ಠಕ್ಕೆ ಖರ್ಚಿಲ್ಲ ಎಂದುಕೊಂಡು ಎಲ್ಲರೂ 32 ಬರೆಸಿದ್ದರು. ಖರ್ಚು ಇದೆ. ಬರೆಸಿದ ಗರಿಷ್ಠದ 64ನೇ ಒಂದು ಭಾಗವನ್ನು, ಈ ಪಾಲು ಹಂಚುವ ಫರ್ಮ್‌ವೇರ್ ಆದ ಹೈಪರ್‌ವೈಸರ್ ಪುಟಗಳ ಲೆಕ್ಕ ಇಡುವುದಕ್ಕೆ ಮೊದಲೇ ಎತ್ತಿಟ್ಟುಬಿಡುತ್ತದೆ. ಒಬ್ಬೊಬ್ಬರಿಗೆ ಅರ್ಧ ಜಿಬಿ. ಐದು ಪಾರ್ಟಿಷನ್ನಿಗೆ ಎರಡೂವರೆ. ಎರಡು ಜಿಬಿಯಲ್ಲಿ ಬದುಕುವ ಯಲಬುರ್ಗಾ ಕೂಡ 32ರ ಕನಸಿಗೆಂದು ಅರ್ಧ ಜಿಬಿ ಸುಟ್ಟುಕೊಂಡು ಕೂತಿದೆ. ಇದು ತಿಳಿದಂದಿನಿಂದ ಅಳಿಯನಿಗೆ ಎಲ್ಲಿ ಹೋದರೂ ಮೂರು ಅಂಕಿ ಕಾಣುತ್ತವೆ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಮಾತ್ರ ಅವನು ಸೋತ. ದಾಸೋಹದಲ್ಲಿ ರೊಟ್ಟಿಯ ಮೇಲೆ ರೊಟ್ಟಿ ಬೀಳುತ್ತಿತ್ತು, ಮಿರ್ಚಿ ಬೇಡವೆಂದರೂ ಬೀಳುತ್ತಿತ್ತು, ಗರಿಷ್ಠ ಎಷ್ಟೆಂದು ಕೇಳುವವರೂ ಇರಲಿಲ್ಲ, ಬರೆಯುವವರೂ ಇರಲಿಲ್ಲ.

ಮಾವ ಬಿಡಲಿಲ್ಲ. "14 ತಗೊಂಡ ಗಂಗಾವತಿ ಅಷ್ಟೂ ಬಳಸ್ತೈತೇನು?"

ಒಳ್ಳೆಯ ಪ್ರಶ್ನೆ. ಈ ಕಸುಬಿನ ಮುಖ್ಯ ಪ್ರಶ್ನೆ ಎಂದೇ ಹೇಳುತ್ತೇನೆ. ಮೇಲಿನಿಂದ ನೋಡುವ ಹೈಪರ್‌ವೈಸರಿಗೆ ಕೊಟ್ಟದ್ದೆಷ್ಟು ಎಂಬುದಷ್ಟೇ ಗೊತ್ತು, ಒಳಗೆ ಏನಾಯಿತೆಂದು ಗೊತ್ತಿಲ್ಲ. ಒಳಗಿನ ಆಪರೇಟಿಂಗ್ ಸಿಸ್ಟಮ್ಮಿಗೆ ತನ್ನ ಬಳಕೆ ಗೊತ್ತು, ನೆರೆಯವನಿಗೆ ಎಷ್ಟು ಸಿಕ್ಕಿದೆ ಎಂದು ಗೊತ್ತಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡದವನು ಏನೂ ನೋಡಿದಂತಾಗಲಿಲ್ಲ. ಅಳಿಯ ಗಂಗಾವತಿಯ ಒಳಗೆ ಲಾಗಿನ್ ಆದ. ಅಲ್ಲಿ ಓಡುತ್ತಿದ್ದದ್ದು ಎಐಎಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ಮೊದಲ ನೋಟಕ್ಕೆ ಮೆಮೊರಿ ಭರ್ತಿ, ಖಾಲಿ ಜಾಗ ಬೆರಳೆಣಿಕೆ. ಎಸ್‌ವಿಮಾನ್ ಎಂಬ ಆಜ್ಞೆ ಕೊಟ್ಟು ಬಿಡಿಸಿ ನೋಡಿದರೆ, ಪ್ರೋಗ್ರಾಮುಗಳು ನಿಜಕ್ಕೂ ಹಿಡಿದದ್ದು ಐದೋ ಆರೋ ಜಿಬಿ. ಉಳಿದದ್ದೆಲ್ಲ ಎಂದೋ ಓದಿದ ಫೈಲುಗಳ ನಕಲು, ಮತ್ತೆ ಬೇಕಾದೀತೆಂದು ಇಟ್ಟುಕೊಂಡದ್ದು.

"ಸುಮ್ನ ನಿಂತೈತ್ರಿ ಮಾವಾರ. ಐತಿ ಅಂತ ಹಿಡಕೊಂಡೈತಿ."

ಮಾವ ಗಂಟಲು ಸರಿಮಾಡಿಕೊಂಡರು. ಎಡದಂಡೆ ಕಾಲುವೆಯನ್ನು ತೋಡಿದ್ದು ಹೆಚ್ಚಾಗಿ ಜೋಳ, ಶೇಂಗಾ, ಹತ್ತಿಯಂಥ ಅರೆಖುಷ್ಕಿ ಬೆಳೆಗೆ ಎಂದು ಅವರಿಗೂ ಗೊತ್ತು. ತಮ್ಮ ಹೊಲದಲ್ಲಿ ಮೊಣಕಾಲು ಮಟ ನೀರಲ್ಲಿ ವರ್ಷಕ್ಕೆ ಎರಡು ಸಲ ನಿಲ್ಲುವುದು ಭತ್ತವೆಂದೂ ಗೊತ್ತು. ಕೆಳಗೆ ಮಾನ್ವಿ, ರಾಯಚೂರು ಕಡೆಯವರು ಬೇಸಿಗೆಯಲ್ಲಿ ಏನೆಂದು ಬಯ್ಯುತ್ತಾರೆ ಎಂಬುದೂ ಗೊತ್ತು. "ಚಹಾ ಆಗೇತೇನ ನೋಡ್ತೀನಿ" ಎಂದು ಎದ್ದು ಒಳಗೆ ಹೋದರು.

ಅಷ್ಟರಲ್ಲಿ ಮ್ಯಾನೇಜರ್ ಫೋನು. ತಿಂಗಳ ಕೊನೆ, ಕೊಪ್ಪಳಕ್ಕೆ ಒಂದು ಜಿಬಿ ಹೆಚ್ಚು ಬೇಕು, ಯಾರಿಂದಾದರೂ ಕಿತ್ತುಕೊಡು. ಯಂತ್ರ ನಿಲ್ಲಿಸದೆಯೇ ಒಂದು ಪಾರ್ಟಿಷನ್ನಿನಿಂದ ಬಿಡಿಸಿ ಇನ್ನೊಂದಕ್ಕೆ ಕೊಡಬಹುದು, ಅದಕ್ಕೇನೂ ತೊಂದರೆಯಿಲ್ಲ. ನ್ಯಾಯವಾಗಿ ತೆಗೆಯಬೇಕಾದ್ದು ಗಂಗಾವತಿಯಿಂದ. ಆದರೆ ಗಂಗಾವತಿಯಲ್ಲಿ ಮುಟ್ಟಿದರೆ ಐದೇ ನಿಮಿಷದಲ್ಲಿ ಟಿಕೆಟ್ ಬರುತ್ತದೆ, ಹತ್ತು ನಿಮಿಷದಲ್ಲಿ ವೈಸ್ ಪ್ರೆಸಿಡೆಂಟರ ಮೇಲ್ ಬರುತ್ತದೆ. ಯಲಬುರ್ಗಾದಲ್ಲಿ ಟೆಸ್ಟಿಂಗ್ ಹುಡುಗರು; ಯಂತ್ರ ನಿಧಾನವಾದರೆ ನಮ್ಮ ಹಣೆಬರಹ ಎಂದುಕೊಂಡು ಕಾಯುತ್ತಾರೆ. ಅಳಿಯ ಅತ್ತಿತ್ತ ನೋಡಿ, ಯಲಬುರ್ಗಾದಿಂದ ಒಂದು ಜಿಬಿ ಎತ್ತಿ ಕೊಪ್ಪಳಕ್ಕೆ ಹಾಕಿದ. ಅವನು ಹುಟ್ಟಿದ ಊರು ಯಲಬುರ್ಗಾವೇ.

ಆಮೇಲೆ ನಿಜವಾದ ಯಲಬುರ್ಗಾದಿಂದ ಫೋನ್ ಬಂತು.

"ಏನಪಾ, ಈ ಸಾರಿನೂ ಹಬ್ಬ ಪೂರ್ತಿ ಅಲ್ಲೇ ಏನು?"

"ಇಲ್ಲ ಯವ್ವಾ, ನಾಡಿದ್ದು ಬರ್ತೀನಿ. ಒಂದಿನ ಇರ್ತೀನಿ."

"ಒಂದಿನ ಇರು, ಅರ್ಧ ದಿನ ಇರು, ನಿನ್ನ ಕೆಲಸ ನಿನಗ. ಬರೋ ಮುಂದ ಬೀಗರ ಮನ್ಯಾಗಿನ ಸೋನಾಮಸೂರಿ ಒಂದ್ ಚೀಲ ಹಾಕ್ಕೊಂಡ್ ಬಾ. ಕೇಳಾಕ ನಾಚಬ್ಯಾಡ."

ಸ್ಪೀಕರ್ ಆನ್ ಇತ್ತು. ಚಹಾ ಹಿಡಿದು ಬಂದ ಮಾವ ಬಾಗಿಲಲ್ಲೇ ಕೇಳಿಸಿಕೊಂಡು ಒಳಗೆ ತಿರುಗಿ ಕೂಗಿದರು: "ಏ, ಅಳಿಯಂದಿರ ಕಾರಿನ್ಯಾಗ ಎರಡ್ ಚೀಲ ಹಾಕಸ್ರಿ. ಹಳೇ ಅಕ್ಕಿ ಹಾಕಸ್ರಿ, ಹೊಸಾದ್ ಬ್ಯಾಡ!"